ಅಕ್ಕ ಆರಿಸಿದ ಮದರ್‌ಬೋರ್ಡ್

ಹೊಸ ಮದರ್‌ಬೋರ್ಡಿನ ಪೊಟ್ಟಣ ಬಿಚ್ಚಿದಾಗ ಬರುವ ವಾಸನೆಗೆ ನನಗೆ ಇಂದಿಗೂ ಹೊನ್ನಾವರದ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಹತ್ತು ವರ್ಷ. ಕಾಲೇಜಿಗೆ ಹೋಗುತ್ತಿದ್ದ ಅಕ್ಕ ಹಿಂದಿನ ವರ್ಷ ಜ್ವರ ಬಂದು ಕಣ್ಣು ಕಳೆದುಕೊಂಡಿದ್ದಳು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದನ್ನು ಅವಳ ಮೇಷ್ಟ್ರು ಕೊಟ್ಟಿದ್ದರು. ಅದನ್ನು ಹಾಕಿದೊಡನೆ ನಮ್ಮ ಹಳೆಯ ಕಂಪ್ಯೂಟರ್ ನಿಂತೇ ಹೋಗುತ್ತಿತ್ತು. ಹಾಗಾಗಿ ಅಪ್ಪ ಅದರ ಸಿಪಿಯುವನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮಿಬ್ಬರನ್ನೂ ಹಳದೀಪುರದಿಂದ ಬಸ್ಸಿನಲ್ಲಿ ಹೊನ್ನಾವರದ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋಗಿದ್ದರು.

ಅಂಗಡಿಯವರು ಎರಡು ಬೋರ್ಡುಗಳನ್ನು ಮೇಜಿನ ಮೇಲಿಟ್ಟರು. "ಇದ್ರಲ್ಲಿ ಚಿತ್ರ ಚಂದ ಬರ್ತದೆ. ಆದ್ರೆ ನಿಮ್ಮ ದುಡ್ಡಿಗೆ ಪ್ರೊಸೆಸರ್ ಸಣ್ಣದೇ ಹಾಕಬೇಕು. ಈ ಸಾದಾ ಬೋರ್ಡ್ ತಕಂಡ್ರೆ ಪ್ರೊಸೆಸರ್ ಜೋರಿನದ್ದು ಹಾಕಬಹುದು, ಓದಿ ಹೇಳೋ ಸಾಫ್ಟ್‌ವೇರ್ ನಿಲ್ದೆ ಓಡ್ತದೆ."

"ಚಿತ್ರ ಚಂದ ಬರೋದೇ ಇರ್ಲಿ," ಅಂದರು ಅಪ್ಪ. "ಮುಂದೆ ಇವ್ಳಿಗೆ ಕಣ್ಣು ಕಂಡಾಗ ಬೇಕಾಗ್ತದೆ."

"ಸಾದಾ ಬೋರ್ಡ್ ಎಲ್ಲಿದೆ?" ಎಂದು ಅಕ್ಕ ನನ್ನನ್ನು ಕೇಳಿದಳು. ಅವಳ ಕೈ ಹಿಡಿದು ಅದರ ಮೇಲಿಟ್ಟೆ. ಚುಚ್ಚುವ ಬೆಸುಗೆಯ ತುದಿಗಳನ್ನು ಅವಳ ಬೆರಳು ಮೆಲ್ಲಗೆ ಸವರಿತು.

"ಅಪ್ಪಾ, ಡಾಕ್ಟ್ರು ಹೇಳಿದ್ದು ನಾನೂ ಕೇಳಿದ್ದೇನೆ. ನಂಗೆ ಚಿತ್ರ ಎಂತಕ್ಕೆ? ಮಾತು ಕೇಳಿದ್ರೆ ಆತು."

ಅಪ್ಪ ಚಿತ್ರ ಚಂದ ಬರುವ ಬೋರ್ಡನ್ನು ಅಂಗಡಿಯವರ ಕಡೆ ಸರಿಸಿದರು. ಆಮೇಲೆ, "ಅವ್ಳು ಹೇಳಿದ್ದೇ ಹಾಕಿ," ಅಂದರು.

ಸಂಜೆ ಮನೆಯಲ್ಲಿ ಅಕ್ಕ ತನ್ನ ಹೆಸರಿನ ಅಕ್ಷರಗಳನ್ನು ಒತ್ತಿದಳು. ಕಂಪ್ಯೂಟರ್ ಒರಟು ದನಿಯಲ್ಲಿ ಒಂದೊಂದನ್ನೇ ಹೇಳಿತು. ಅವಳು ಮತ್ತೆ ಮತ್ತೆ ಒತ್ತಿದಳು. ಪಕ್ಕದ ಕುರ್ಚಿಯಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತ ಕೂತಿದ್ದರು.