ದೂರ ಬೇಡುವ ಲೆನ್ಸು

ಮರುದಿನವೇ ಮದುವೆ. ಚೈತ್ರಳನ್ನು ಚಿಕ್ಕಪ್ಪ ಪಕ್ಕದೂರಿನ ಸ್ಟೂಡಿಯೋಗೆ ಕರೆತಂದಿದ್ದ. ಕೆನ್ನೆಯ ಮೇಲೆ ಅವನ ಬೆರಳು ಮೂಡಿದ್ದ ಕಡೆ ಪೌಡರು ದಪ್ಪಗೆ ಮೆತ್ತಿತ್ತು.

"ಮೇಡಂ, ಕೆನ್ನೆ ಮೇಲಿನ ಕಲೆ ಫೋಟೋದಲ್ಲಿ ಕಾಣ್ಬಾರ್ದು," ಎಂದ ಚಿಕ್ಕಪ್ಪ.

"ಕಾಣಲ್ಲ ಬಿಡಿ. ಕಣ್ಣಷ್ಟೇ ಸ್ಪಷ್ಟವಾಗಿ, ಮಿಕ್ಕಿದ್ದು ಮಸುಕಾಗೋ ಲೆನ್ಸ್ ಹಾಕ್ತೀನಿ," ಎಂದಳು ಸ್ಟೂಡಿಯೋದಾಕೆ.

ಸೆರಗು ಸರಿಪಡಿಸಲು ಅವಳು ಹತ್ತಿರ ಬಂದಾಗ ಚೈತ್ರ ಉಸಿರಲ್ಲೇ ಹೇಳಿದಳು: "ಅಕ್ಕಾ, ನಂಗಿನ್ನೂ ಹದಿನಾರು. ಈ ಮದ್ವೆ ಬೇಡ."

"ತುಟಿ ಅಲ್ಲಾಡಿಸ್ಬೇಡ, ಫೋಟೋ ಕೆಡುತ್ತೆ," ಎಂದು ಆಕೆ ಜೋರಾಗಿಯೇ ಗದರಿದಳು.

"ಹಂಗ್ ಹೇಳಿ ಮತ್ತೆ," ಎಂದು ಚಿಕ್ಕಪ್ಪ ನಕ್ಕ. ಚೈತ್ರಳಿಗೆ ಇದ್ದೊಂದು ಆಸೆಯೂ ಕಮರಿತು.

ಆಕೆ ಎರಡು ಸಲ ಕ್ಲಿಕ್ಕಿಸಿ, ತಲೆಯಾಡಿಸಿ, ಕ್ಯಾಮೆರಾದ ಐವತ್ತು ಎಂಎಂ ಲೆನ್ಸು ಬಿಚ್ಚಿ ಎಂಬತ್ತೈದು ಎಂಎಂನ ಉದ್ದನೆಯದ್ದು ಹಾಕಿದಳು.

"ಯಾಕೆ ಬದಲಾಯಿಸ್ತೀರಿ?"

"ಮುಖಕ್ಕೆ ಇದೇ ಚೆಂದ. ಆದ್ರೆ ಇದಕ್ಕೆ ದೂರ ಬೇಕು, ಈ ರೂಮು ಸಾಲಲ್ಲ. ರಸ್ತೆ ಆಚೆ ಆ ಬೇವಿನ ಮರದ ಕೆಳಗೆ ನಿಲ್ಲಿಸಿ ತೆಗೀತೀನಿ."

"ನಾನೂ ಬರ್ತೀನಿ."

"ನೀವು ಎದುರಿಗಿದ್ರೆ ಹುಡುಗಿ ನಗೋದೇ ಇಲ್ಲ. ಬಾಗಿಲಲ್ಲೇ ನಿಂತಿರಿ, ಇಲ್ಲಿಂದ್ಲೇ ಕಾಣ್ತೀವಲ್ಲ."

ಅವನು ಬಾಗಿಲಿಗೆ ಒರಗಿ ಬೀಡಿ ಹಚ್ಚಿದ. ಚೈತ್ರ ತಲೆ ತಗ್ಗಿಸಿಕೊಂಡೇ ಆಕೆಯ ಹಿಂದೆ ರಸ್ತೆ ದಾಟಿದಳು. ಮರದ ಕೆಳಗೆ ಬಂದು, ಎಲ್ಲಿ ನಿಲ್ಲಬೇಕೆಂದು ಕೇಳಿದಳು.

"ನಿಲ್ಬೇಡ, ಓಡು," ಎನ್ನುತ್ತಾ ಆಕೆ ಅವಳ ಮುಂಗೈ ಹಿಡಿದೆಳೆದುಕೊಂಡು ಮರದ ಹಿಂದೆ ಮರೆಯಾಗಿದ್ದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು.