ಮೂರನೆಯ ಬೆಳೆಯ ಇದ್ದಿಲು

ಮಣ್ಣಿನಲ್ಲಿದ್ದ ಸೀಸದ ವಿಷ ಸೊಪ್ಪಿಗೆ ಏರದಿರಲೆಂದು, ಸರ್ಕಾರ ಊರ ಸುತ್ತ ಹಾಕಿದ ಬೇಲಿಯೊಳಗಿನ ಜನ ಮನೆಯ ಮರಮುಟ್ಟನ್ನೆಲ್ಲ ಸುಟ್ಟು, ಇದ್ದಿಲು ಮಾಡಿ ಹಿತ್ತಲ ಮಣ್ಣಿಗೆ ಬೆರೆಸುತ್ತಿದ್ದರು. ಹೊರಗಿನಿಂದ ಒಂದು ಕಡ್ಡಿಯೂ ಬರುತ್ತಿರಲಿಲ್ಲ. ಸತತ ಮೂರು ಬೆಳೆ ಶುದ್ಧವಾಗಿ ಬಂದ ಮನೆಗೆ ಬೇಲಿ ದಾಟುವ ಚೀಟಿ ಸಿಗುತ್ತಿತ್ತು.

ದುರ್ಗವ್ವ ಮೊದಲ ಬೆಳೆಗೆ ಮಂಚ ಸುಟ್ಟಳು. ಎರಡನೆಯದಕ್ಕೆ, ಒಂದು ಕಾಲಕ್ಕೆ ಮಗಳು ಮಲಗಿದ್ದ ತೊಟ್ಟಿಲು. ಹಳೆಯ ಸಾಗವಾನಿ, ಒಳ್ಳೆಯ ಇದ್ದಿಲಾಯಿತು. ಮೂರನೆಯದಕ್ಕೆ ಉಳಿದದ್ದು ಮುಂಬಾಗಿಲೊಂದೇ. ಅದು ಬೂದಿಯಾಗುವ ಮೊದಲೇ ನೀರು ಸುರಿದು ಆರಿಸಿ, ಕುಟ್ಟಿ, ಮಣ್ಣಿಗೆ ಕಲಸಿದಳು.

ಇವತ್ತು ಪರೀಕ್ಷೆಗೆ ಬಂದ ಶರಭಯ್ಯ ಪಡಸಾಲೆಯಲ್ಲಿ ಕೂತು ಹಿತ್ತಲ ಪುಂಡಿಪಲ್ಯದ ಎಲೆಯೊಂದನ್ನು ಸೀಸ ಅಳೆಯುವ ಮೀಟರಿನ ಮೇಲಿಟ್ಟ. ಹಸಿರು ದೀಪ ಹತ್ತಿತು. ಮಗಳು ನೀಲವ್ವ ಬಟ್ಟೆಯ ಗಂಟನ್ನು ಬಗಲಿಗೇರಿಸಿದಳು.

"ಗಂಟು ಇಳಸವ್ವಾ," ಎಂದ ಶರಭಯ್ಯ. "ನಿನ್ನೆ ಹೊಸ ಆದೇಶ ಬಂದೈತಿ. ಮಣ್ಣು ಸುದ್ದ ಆದವರು ಇಲ್ಲೇ ಇರಬೇಕಂತ."

"ಸುದ್ದ ಆದ್ರ ಬಿಡ್ತೀವಿ ಅಂದಿದ್ರಲ್ಲರೀ?" ಎಂದಳು ದುರ್ಗವ್ವ.

"ಸುದ್ದ ಆದಮ್ಯಾಲ ಬಿಟ್ಟು ಹೋಗೂದ್ಯಾಕ ಅಂತ ಮ್ಯಾಲಿನವರು ಕೇಳ್ತಾರ, ಯಕ್ಕಾ."

"ಮತ್ತ ಮಣ್ಣು ಕೆಟ್ಟವರು?"

"ಅವರ ಮೈಯಾಗ ಸೀಸ ಐತಲ್ಲ. ಅವರನ್ನ ಹೊರಗ ಯಾರು ಸೇರಿಸ್ಕೋತಾರ?"

ದುರ್ಗವ್ವನ ಮುಖ ನೋಡಲಾರದೆ ಶರಭಯ್ಯ ಮೀಟರನ್ನು ಚೀಲಕ್ಕೆ ತುರುಕಿಕೊಂಡು ಎದ್ದ. ಹೊಸ್ತಿಲು ದಾಟಿದವನು ರೂಢಿಯಂತೆ ಬಾಗಿಲೆಳೆದುಕೊಳ್ಳಲು ಹಿಂದಕ್ಕೆ ಕೈಚಾಚಿದ.

ಬಾಗಿಲು ಹಿತ್ತಲ ಮಣ್ಣಿನಲ್ಲಿತ್ತು.