ಮೊದಲಿನದೇ ಬೀಜ

"ಈ ಸಲ ಖರೇನ ನಮ್ಮ ಮನಿ ಬೀಜ ನೋಡ್ರಿ ಮ್ಯಾಡಮ್" ಎಂದು ಕಂದಲಗಾಂವದ ಸೋನಾಬಾಯಿ ಬೊಗಸೆ ತುಂಬ ಜೋಳವನ್ನು ಲಕೋಟೆಗೆ ಸುರಿದಳು. ಲಕೋಟೆ ಹಿಡಿದಿದ್ದ ಸಸ್ಯವಿಜ್ಞಾನಿ ಶುಭಾಂಗಿ ತಲೆಯೆತ್ತಿ ನೋಡಿದಳು. "ಹಂಗಾರ ಹೋದ ಸಲದ್ದು?"

"ಆವಾಗ ನಮ್ಮ ಬಿತ್ತಿಗಿ ಆಗಿದ್ದಿಲ್ಲಲ್ರಿ. ಬಿತ್ತೂಕಿಂತ ಮೊದಲ ಮನಿ ಬೀಜ ಹೊರಗ ಹೋದ್ರ ಲಕ್ಷ್ಮೀನೂ ಹೋಗ್ತಾಳ. ಸೋಲಾಪುರದಿಂದ ಬಂದವ್ರಿಗೆ ಇಲ್ಲ ಅನ್ನಾಕ ಮನಸಾಗಲಿಲ್ಲ. ಅಕ್ಕಲಕೋಟ ಬಜಾರದಿಂದ ತಂದಿದ್ದ ಜ್ವಾಳ ಕೊಟ್ಟೆ."

"ಅದು ಯಾರ ಹೊಲದ್ದಿತ್ತು?"

"ಬಜಾರದ ಜ್ವಾಳಕ್ಕ ಹೊಲ ಯಾವ್ದಂತ ಯಾರ ಕೇಳ್ತಾರ್ರಿ?"

ಆರು ವರ್ಷದ ಹಿಂದೆ ಆ ಒಂದು ಸೇರು ಜೋಳದಲ್ಲೇ ಶುಭಾಂಗಿ ಬರ ತಾಳಿಕೊಳ್ಳುವ ಜೀನು ಹುಡುಕಿ, ಅದು ಕಂದಲಗಾಂವದ ಹಳೆಯ ತಳಿಯದೆಂದು ಸಂಶೋಧನಾ ಪ್ರಬಂಧ ಬರೆದಿದ್ದಳು. ಇನ್ನೂರ ಹದಿಮೂರು ಪ್ರಬಂಧಗಳು ಅದನ್ನು ಉಲ್ಲೇಖಿಸಿದ್ದವು. ಪ್ರೊಫೆಸರ್ ಹುದ್ದೆ ಸಿಕ್ಕಿದ್ದೂ ಆ ಅಂಕಿಯಿಂದಲೇ. ಅವಳಲ್ಲಿದ್ದ ಬೀಜ ಮುಗಿದಿತ್ತು. ಈಗ ಜರ್ಮನಿಯ ಪ್ರಯೋಗಾಲಯವೊಂದು, ತಾನೂ ಪರೀಕ್ಷಿಸಿ ನೋಡುತ್ತೇನೆಂದು ಅದೇ ಬೀಜ ಕೇಳಿತ್ತು. ಲಕೋಟೆಯ ಮೇಲೆ ಅವಳು ಬೆಳಿಗ್ಗೆಯೇ ಬರೆದಿಟ್ಟಿದ್ದಳು: 'ಮೊದಲಿನದೇ ಬೀಜ.'

ಪರ್ಸಿನಲ್ಲಿ ಮೊಬೈಲು ಟಿಣ್ ಎಂದಿತು. ತನ್ನ ಪ್ರಬಂಧವನ್ನು ಯಾರಾದರೂ ಹೊಸದಾಗಿ ಉಲ್ಲೇಖಿಸಿದಾಗ ಮಾತ್ರ ಆಗುವಂತೆ ಅವಳೇ ಇಟ್ಟುಕೊಂಡಿದ್ದ ಸದ್ದು ಅದು. ನಿನ್ನೆಯವರೆಗೂ ಅದಕ್ಕೆ ಕಿವಿಗೊಟ್ಟು ಕಾಯುತ್ತಿದ್ದವಳು ಈಗ ಪರ್ಸನ್ನು ಎದೆಗೆ ಒತ್ತಿ ಹಿಡಿದಳು. ಅದು ಮತ್ತೆ ಟಿಣ್ ಎಂದಿತು.

"ನೋಡ್ರಿ ಮ್ಯಾಡಮ್" ಎಂದಳು ಸೋನಾಬಾಯಿ, "ಯಾರೋ ನಿಮ್ಮನ್ನ ಹುಡುಕಾಕತ್ತಾರ."